ಕಲಿಕೆಯೂ ಮನನವೂ

ಬೆಳಗಿನಿಂದ ಮೇದು ಬಂದ ಹಸುವು ಮಧ್ಯಾಹ್ನದ ಹೊತ್ತಿಗೆ ಹೊಂಗೆಯ ನೆರಳಿನಲ್ಲಿ ಮಲಗಿ, ಕಣ್ಣುಗಳನ್ನು ಅರೆಮುಚ್ಚಿಕೊಂಡು, ಮೆಲ್ಲನೆ ಮೆಲುಕು ಹಾಕುತ್ತಿರುವುದನ್ನು ನಮ್ಮ ನಾಡಿನಲ್ಲಿ ಕಾಣದವರಿಲ್ಲ. ಆಗ ಅದು ಸೋಮಾರಿಯಾಗಿ ಬಿದ್ದಿದೆಯೆಂದು ಯಾವ ರೈತನೂ ಅದನ್ನು ಎಬ್ಬಿಸಿ ಓಡಿಸುವುದಿಲ್ಲ. ಮೇದ ಮೇವು ಹಾಲಾಗಬೇಕಾದರೆ ಈ ಹೊತ್ತೂ ಬೇಕೆಂಬುದನ್ನು ಅವನು ಬಲ್ಲನು. ಆದರೆ ಅದೇ ಮನೆಯ ಹುಡುಗನು ಪಾಠವನ್ನೋದಿ, ಪುಸ್ತಕವನ್ನು ಮುಚ್ಚಿಟ್ಟು, ಅರೆಗಳಿಗೆ ಸುಮ್ಮನೆ ಕುಳಿತನೆಂದರೆ, “ಏಕೋ ಹಾಗೆ ಕುಳಿತೆ? ಓದಬಾರದೇನೋ?” ಎಂಬ ಕೂಗು ಒಳಗಿನಿಂದ ಕೇಳಿಬರುವುದು. ಹಸುವಿಗೆ ಸಲ್ಲುವ ನ್ಯಾಯವು ನಮ್ಮ ಮಕ್ಕಳಿಗೆ ಸಲ್ಲದು. ಯೋಚಿಸಿ ನೋಡಿದರೆ ನಮಗೂ ಸಲ್ಲದು. ಕಛೇರಿಯಿಂದ ಬಂದವನು ಕೈಕಾಲು ತೊಳೆದು, ಆ ದಿನ ತಾನು ಮಾಡಿದುದೇನು, ತಪ್ಪಿದುದೆಲ್ಲಿ ಎಂದು ಒಂದು ಗಳಿಗೆ ಮನಸ್ಸಿನಲ್ಲಿ ತಿರುವಿಹಾಕುವುದು ಎಷ್ಟು ಮನೆಗಳಲ್ಲಿ ಉಂಟು?

ಕಲಿತುದನ್ನೂ ಮಾಡಿದುದನ್ನೂ ಮರಳಿ ಮನಸ್ಸಿಗೆ ತಂದುಕೊಂಡು ತೂಗಿನೋಡುವ ಕೆಲಸಕ್ಕೆ ನಮ್ಮ ಹಿರಿಯರು ಮನನವೆಂದು ಹೆಸರಿಟ್ಟರು. ಬೃಹದಾರಣ್ಯಕೋಪನಿಷತ್ತಿನ ಪ್ರಸಂಗವು ವಾಚಕರಲ್ಲಿ ಅನೇಕರಿಗೆ ತಿಳಿದೇ ಇದೆ. ಯಾಜ್ಞವಲ್ಕ್ಯನು ಮನೆಯನ್ನು ಬಿಟ್ಟು ಹೊರಡುವ ಮುನ್ನ ತನ್ನ ಆಸ್ತಿಯನ್ನು ಮೈತ್ರೇಯಿ, ಕಾತ್ಯಾಯನಿ ಎಂಬ ಇಬ್ಬರು ಪತ್ನಿಯರಿಗೆ ಹಂಚಿಕೊಡಲು ಬಯಸುತ್ತಾನೆ. ಭೂಮಿಯ ಸಂಪತ್ತೆಲ್ಲವೂ ತನ್ನದಾದರೆ ಅದರಿಂದ ತನಗೆ ಅಮೃತತ್ವವು ದೊರೆಯುವುದೇ ಎಂದು ಮೈತ್ರೇಯಿ ಕೇಳುತ್ತಾಳೆ. ದೊರೆಯದೆಂದು ತಿಳಿದ ಮೇಲೆ ಆಕೆಗೆ ಆಸ್ತಿಯು ಬೇಡವಾಗಿ, ಪತಿಯು ಬಲ್ಲ ಜ್ಞಾನವೇ ಬೇಕಾಗುತ್ತದೆ. ಆ ಮಾತುಕತೆಯಲ್ಲಿ ಆತನು ತೋರಿಸುವ ದಾರಿಯೇ ಶ್ರವಣ, ಮನನ, ನಿದಿಧ್ಯಾಸನ. ಬಲ್ಲವರಿಂದ ಕೇಳುವುದು ಮೊದಲ ಮೆಟ್ಟಿಲು. ಕೇಳಿದುದನ್ನು ಯುಕ್ತಿಯಿಂದ ಒರೆಹಚ್ಚಿ ಸಂದೇಹವನ್ನು ಕಳೆದುಕೊಳ್ಳುವುದು ಎರಡನೆಯದು. ತಿಳಿದುದರಲ್ಲಿ ಮನಸ್ಸನ್ನು ಬಿಡದೆ ನಿಲ್ಲಿಸುವುದು ಮೂರನೆಯದು. ಅಲ್ಲಿಯ ಗುರಿಯು ಆತ್ಮಜ್ಞಾನವೆಂಬುದು ನಿಜ. ಆದರೂ ಬಡಗಿಯ ಕೆಲಸಕ್ಕೂ ಶಾಲೆಯ ಪಾಠಕ್ಕೂ ಅಡಿಗೆಗೂ ಆ ಮೆಟ್ಟಿಲುಗಳು ಹೊರತಲ್ಲ. ಇಷ್ಟು ದೊಡ್ಡ ಉಪದೇಶವು ಗಂಡಹೆಂಡಿರ ಮಾತಿನ ನಡುವೆ, ಮನೆಯೊಳಗೆ ಹುಟ್ಟಿತೆಂಬುದನ್ನು ಗೃಹಸ್ಥರಾದ ನಾವು ಮರೆಯಬಾರದು.

ಈ ಮಾತನ್ನು ಬರೆಯುವಾಗ ನಮ್ಮ ಮನಸ್ಸು ಸೋಸಲೆಯ ಕಡೆಗೆ ತಿರುಗುವುದು. ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದ ತಾಲ್ಲೂಕಿಗೆ ಸೇರಿದ ಈ ಊರು ಕಾವೇರಿ ಕಪಿಲೆಗಳ ಸಂಗಮಕ್ಕೆ ದೂರವಾದುದಲ್ಲ. ವ್ಯಾಸರಾಯರ ಪರಂಪರೆಯ ಮಠವೊಂದು ಈ ಊರಿನ ಹೆಸರಿನಿಂದಲೇ ಸೋಸಲೆ ವ್ಯಾಸರಾಜಮಠವೆಂದು ಪ್ರಸಿದ್ಧವಾಗಿದೆ. ವ್ಯಾಸರಾಯರು ಹುಟ್ಟಿದ್ದು ಇದೇ ತಾಲ್ಲೂಕಿನ ಬನ್ನೂರಿನಲ್ಲಿ. ಅಬ್ಬೂರಿನ ಬ್ರಹ್ಮಣ್ಯತೀರ್ಥರಿಂದ ಆಶ್ರಮವನ್ನು ಪಡೆದು, ಮುಳುಬಾಗಿಲಿನಲ್ಲಿ ಶ್ರೀಪಾದರಾಜರ ಬಳಿ ಓದಿ, ವಿಜಯನಗರದ ಅರಸರ ಗೌರವಕ್ಕೆ ಪಾತ್ರರಾಗಿ, ೧೫೩೯ರಲ್ಲಿ ದೇಹವನ್ನು ಬಿಟ್ಟ ಆ ಯತಿಗಳ ಚರಿತ್ರೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ನಮ್ಮ ವಿಷಯಕ್ಕೆ ಬೇಕಾದುದು ಅವರು ಬರೆದ ರೀತಿ.

ನ್ಯಾಯಾಮೃತ, ತಾತ್ಪರ್ಯಚಂದ್ರಿಕೆ, ತರ್ಕತಾಂಡವ ಎಂಬ ಅವರ ಮೂರು ಗ್ರಂಥಗಳು ವ್ಯಾಸತ್ರಯವೆಂದು ಹೆಸರಾಗಿವೆ. ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷ, ಸಿದ್ಧಾಂತ ಎಂಬ ಎರಡು ಭಾಗಗಳಿರುವುದುಂಟು. ಎದುರಾಳಿಯು ಏನು ಹೇಳುವನೆಂಬುದನ್ನು ಮೊದಲು ಪೂರ್ತಿಯಾಗಿ ಹೇಳಿ, ಅದಕ್ಕೆ ಸಮಾಧಾನವನ್ನು ಕೊಟ್ಟು, ಆಮೇಲೆ ತನ್ನ ಮತವನ್ನು ನಿಲ್ಲಿಸಬೇಕು. ನ್ಯಾಯಾಮೃತದಲ್ಲಿ ವ್ಯಾಸರಾಯರು ಅದ್ವೈತಿಗಳ ವಾದಗಳನ್ನು ಎಷ್ಟು ವಿವರವಾಗಿ ಎತ್ತಿಕೊಂಡರೆಂದರೆ, ಮಧುಸೂದನ ಸರಸ್ವತಿಗಳು ಅದಕ್ಕೆ ಮಾರುತ್ತರವಾಗಿ ಅದ್ವೈತಸಿದ್ಧಿಯೆಂಬ ಮಹಾಗ್ರಂಥವನ್ನೇ ಬರೆಯಬೇಕಾಯಿತು. ಯಾರು ಗೆದ್ದರೆಂಬುದನ್ನು ಪಂಡಿತರಿಗೆ ಬಿಡೋಣ. ನಮಗೆ ಬೇಕಾದ ಪಾಠವು ಬೇರೆಯಾಗಿದೆ: ತನ್ನ ಮಾತಿಗೆ ಆಕ್ಷೇಪಣೆಯನ್ನು ತಾನೇ ಹುಡುಕುವುದು, ಅದೂ ಸುಲಭವಾಗಿ ಬೀಳಿಸಬಹುದಾದ ಆಕ್ಷೇಪಣೆಯನ್ನಲ್ಲ, ಎದುರಾಳಿಯೇ ತಲೆದೂಗುವಂತಹ ಗಟ್ಟಿಯಾದುದನ್ನು. ಇದೇ ಮನನದ ತಿರುಳು. ತನ್ನ ಅಭಿಪ್ರಾಯವನ್ನೇ ಮತ್ತೆ ಮತ್ತೆ ನೆನೆದು ಸಂತೋಷಪಡುವುದು ಮನನವಲ್ಲ. ನಮ್ಮ ಮನೆಗಳ ಜಗಳಗಳಲ್ಲಿ ಎದುರಿನವರ ಪೂರ್ವಪಕ್ಷವನ್ನು ಪೂರ್ತಿಯಾಗಿ ಕೇಳುವ ಪದ್ಧತಿಯಿದ್ದಿದ್ದರೆ ಅರ್ಧಕ್ಕರ್ಧ ಜಗಳಗಳು ಊಟದ ಹೊತ್ತಿಗೇ ಮುಗಿಯುತ್ತಿದ್ದುವು.

ಹತ್ತೊಂಬತ್ತನೆಯ ಶತಮಾನದಲ್ಲಿ ಸೋಸಲೆಯ ಹೆಸರು ಮತ್ತೊಂದು ವಿಧದಲ್ಲಿ ಬೆಳಗಿತು. ಈ ಊರಿನ ಗರಳಪುರಿ ಶಾಸ್ತ್ರಿಗಳು ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದ ಸಂಸ್ಕೃತ ವಿದ್ವಾಂಸರಾಗಿದ್ದರು. ಅಭಿನವ ಕಾಳಿದಾಸರೆಂದು ಬಿರುದಾಂಕಿತರಾದ ಬಸವಪ್ಪ ಶಾಸ್ತ್ರಿಗಳು ಅವರಲ್ಲಿ ಸಂಸ್ಕೃತವನ್ನು ಕಲಿತರು. ಗರಳಪುರಿ ಶಾಸ್ತ್ರಿಗಳ ಮಗ ಅಯ್ಯಾ ಶಾಸ್ತ್ರಿಗಳು ತಂದೆಯಿಂದ ಸಂಸ್ಕೃತವನ್ನೂ ಬಸವಪ್ಪ ಶಾಸ್ತ್ರಿಗಳಿಂದ ಕನ್ನಡವನ್ನೂ ಕಲಿತು, ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಕನ್ನಡವನ್ನು ಹೇಳಿಕೊಟ್ಟರು. ಅವರು ರಚಿಸಿದ ಪ್ರಾರ್ಥನಾಗೀತೆಯನ್ನು ನಮ್ಮ ಶಾಲೆಗಳ ಮಕ್ಕಳು ಬಹುಕಾಲ ಹಾಡಿದರು. ತಂದೆಯು ಕಲಿಸಿದ ಶಿಷ್ಯನೇ ಮಗನಿಗೆ ಗುರುವಾದನು. ವಿದ್ಯೆಯು ಕೈಯಿಂದ ಕೈಗೆ ದಾಟಿಸುವ ಚೊಂಬಿನಂತಹ ಪದಾರ್ಥವಾಗಿದ್ದರೆ ಅದು ಇದ್ದಷ್ಟೇ ಇರುತ್ತಿತ್ತು. ಸಂಸ್ಕೃತವಾಗಿ ಒಳಹೊಕ್ಕದ್ದು ಕನ್ನಡವಾಗಿ ಹೊರಬರಬೇಕಾದರೆ, ನಡುವೆ ಶಿಷ್ಯನ ಮನಸ್ಸಿನಲ್ಲಿ ಅದು ಕರಗಿ ಮರಳಿ ಎರಕವಾಗಿರಲೇಬೇಕು.

ಬಸವಪ್ಪ ಶಾಸ್ತ್ರಿಗಳ ಶೂರಸೇನ ಚರಿತ್ರೆಯು ಇದಕ್ಕೆ ಒಳ್ಳೆಯ ಉದಾಹರಣೆ. ಅದು ಷೇಕ್ಸ್‌ಪಿಯರ್ ಮಹಾಕವಿಯ ಒಥೆಲೊ ನಾಟಕದ ಕನ್ನಡ ರೂಪ. ಶಾಸ್ತ್ರಿಗಳಿಗೆ ಇಂಗ್ಲಿಷ್ ಬಾರದು. ಆ ಭಾಷೆಯನ್ನು ಬಲ್ಲ ಸಿ. ಸುಬ್ಬರಾಯರು ಮೂಲವನ್ನು ತಿಳಿಸಿಕೊಟ್ಟರು. ಶಾಸ್ತ್ರಿಗಳು ಕೇಳಿ ಕನ್ನಡದ ನಾಟಕವನ್ನಾಗಿ ಕಟ್ಟಿದರು. ಇಂಗ್ಲಿಷನ್ನು ಬಲ್ಲವರು ಆ ಕಾಲದ ಮೈಸೂರಿನಲ್ಲಿ ಬೇರೆ ಎಷ್ಟೋ ಮಂದಿ ಇದ್ದರು. ಕೇಳಿದುದನ್ನು ತಮ್ಮದಾಗಿ ಮಾಡಿಕೊಳ್ಳುವ ಶಕ್ತಿಯುಳ್ಳವರು ಕೆಲವರು ಮಾತ್ರ.

ಇದು ಪಂಡಿತರ ಮಾತಾಯಿತೆಂದು ಯಾರಾದರೂ ಹೇಳಿಯಾರು. ಹಾಗಾದರೆ ಸೋಸಲೆಯನ್ನು ಬಿಟ್ಟು ಅದೇ ತಾಲ್ಲೂಕಿನ ತಿರುಮಕೂಡಲಿಗೆ ಬರೋಣ. ಪಿಟೀಲು ಚೌಡಯ್ಯನವರು ೧೮೯೫ರಲ್ಲಿ ಹುಟ್ಟಿದ ಊರು ಅದು. ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಬಳಿ ಅವರು ಕಠಿನವಾದ ಗುರುಕುಲವಾಸದಲ್ಲಿ ಪಳಗಿದರು. ಸಂಗೀತಗಾರರು ಸಾಧಕವೆಂದು ಕರೆಯುವ ಅಭ್ಯಾಸವು, ಒಂದೇ ವರಸೆಯನ್ನು ನೂರು ಸಲ ನುಡಿಸುವ ಶ್ರಮವು, ಅವರಿಗೆ ತಪ್ಪಲಿಲ್ಲ. ಆದರೆ ಚೌಡಯ್ಯನವರ ಹೆಸರು ಬರಿಯ ಸಾಧಕದಿಂದ ಉಳಿದುದಲ್ಲ. ಧ್ವನಿವರ್ಧಕಗಳಿಲ್ಲದ ಕಾಲವದು. ಸಭೆಯು ದೊಡ್ಡದಾದರೆ ಪಿಟೀಲಿನ ನಾದವು ಹಿಂದೆ ಕುಳಿತವರಿಗೆ ಚೆನ್ನಾಗಿ ಮುಟ್ಟುತ್ತಿರಲಿಲ್ಲ. ಈ ತೊಡಕು ಆ ಕಾಲದ ಎಲ್ಲ ವಾದ್ಯಗಾರರಿಗೂ ಇತ್ತು. ಹೆಚ್ಚು ಬಲವಾಗಿ ಕಮಾನನ್ನು ಒತ್ತುವುದು ಎಲ್ಲರಿಗೂ ತೋಚುವ ದಾರಿ. ಚೌಡಯ್ಯನವರು ವಾದ್ಯದ ಕಡೆಗೇ ತಿರುಗಿದರು. ನಾಲ್ಕು ತಂತಿಗಳ ಪಿಟೀಲಿಗೆ ಇನ್ನೂ ಮೂರನ್ನು ಸೇರಿಸಿ, ೧೯೨೭ರ ಹೊತ್ತಿಗೆ ಏಳು ತಂತಿಗಳ ಪಿಟೀಲನ್ನು ಸಿದ್ಧಗೊಳಿಸಿಕೊಂಡರು. ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿಯೆಂಬ ಗೌರವವು ೧೯೫೭ರಲ್ಲಿ ಅವರಿಗೆ ಸಂದಿತು. ಅವರ ನೆನಪಿಗಾಗಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನವೇ ಎದ್ದು ನಿಂತಿದೆ. ಅಭ್ಯಾಸವು ಕೈಯನ್ನು ಪಳಗಿಸುತ್ತದೆ. ಕೈಯ ಪಳಕಕ್ಕೂ ಮೀರಿದ ತೊಡಕು ಬಂದಾಗ ದಾರಿಯನ್ನು ತೋರಿಸುವುದು ಮನನ.

ಈ ಭೇದವನ್ನು ನಾವು ತಿಳಿದುಕೊಂಡುದು ಪುಸ್ತಕದಿಂದಲ್ಲ, ಒಂದು ನಷ್ಟದಿಂದ. ಬಹಳ ವರ್ಷಗಳ ಹಿಂದೆ ನಾವು ಒಂದು ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದೆವು. ಶೇಕಡಾ ಲೆಕ್ಕವನ್ನು ಹೇಳಿಕೊಡುತ್ತಿದ್ದ ಕಾಲ. ಒಬ್ಬ ಹುಡುಗನಿಗೆ ಅದು ತಲೆಗೆ ಹತ್ತಲಿಲ್ಲ. ಸೂತ್ರವನ್ನು ಮತ್ತೊಮ್ಮೆ ಹೇಳಿದೆವು. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ. ಮಗುದೊಮ್ಮೆ, ಬೈಗುಳವನ್ನು ಸೇರಿಸಿ. ಅವನು ಸೂತ್ರವನ್ನು ಬಾಯಿಪಾಠವಾಗಿ ಒಪ್ಪಿಸಿದನು, ಲೆಕ್ಕವನ್ನು ಮಾತ್ರ ತಪ್ಪಿದನು. ಇತರ ಮಕ್ಕಳು ನಕ್ಕರು, ನಾವು ತಡೆಯಲಿಲ್ಲ. ಕೆಲವು ದಿನಗಳ ಮೇಲೆ ಅವನು ಶಾಲೆಗೆ ಬರುವುದನ್ನು ನಿಲ್ಲಿಸಿದನು. ದಡ್ಡ ಹುಡುಗ, ಹೋದನು, ಎಂದುಕೊಂಡೆವು.

ಒಂದು ತಿಂಗಳು ಕಳೆಯಿತು. ಸಂತೆಯಲ್ಲಿ ಬಾಳೆಹಣ್ಣಿನ ರಾಶಿಯ ಮುಂದೆ ತಾಯಿಯ ಮಗ್ಗುಲಲ್ಲಿ ಅವನು ಕುಳಿತಿದ್ದನು. ಗಿರಾಕಿಯೊಬ್ಬನಿಗೆ ಮೂರೂವರೆ ಡಜನ್ ಬೇಕಾಗಿತ್ತು. ಹುಡುಗನು ತಲೆಯೆತ್ತದೆ ಹೇಳಿದನು: “ಡಜನ್ನು ಹತ್ರಂತೆ ಮೂವತ್ತೈದು. ಹತ್ತಕ್ಕೊಂದು ಬಿಟ್ಕೊಟ್ರೆ ಮೂವತ್ತೊಂದೂವರೆ ಕೊಡಿ.” ನಮ್ಮ ಕಾಲು ಅಲ್ಲಿಯೇ ನಿಂತಿತು. ಶೇಕಡಾ ಹತ್ತರ ರಿಯಾಯಿತಿಯನ್ನು ಅವನು ಹಲಗೆಯೂ ಸೂತ್ರವೂ ಇಲ್ಲದೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಕಳೆದಿದ್ದನು. ನಮ್ಮನ್ನು ಕಂಡು ಎದ್ದು ನಿಂತು, “ನಮಸ್ಕಾರ ಸಾ” ಎಂದನು. ನಾಳೆ ಶಾಲೆಗೆ ಬಾರೆಂದು ಕರೆದೆವು. “ಅವ್ವ ಒಬ್ಳೇ ಆಯ್ತಾಳೆ ಸಾ” ಎಂದು ನೆಲವನ್ನು ನೋಡಿದನು. ಮರುದಿನವೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಆ ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ. ಎದ್ದು ಒಂದು ನೋಟುಪುಸ್ತಕವನ್ನು ತೆಗೆದು ಮೂರು ಪ್ರಶ್ನೆಗಳನ್ನು ಬರೆದುಕೊಂಡೆವು: ಇಂದು ಏನನ್ನು ಕಲಿಸಿದೆವು? ಮಕ್ಕಳು ಎಲ್ಲಿ ನಿಂತುಬಿಟ್ಟರು? ನಾಳೆ ಏನನ್ನು ಬೇರೆ ಮಾಡುವೆವು? ಅಂದಿನಿಂದ ದಿನವೂ ಪಾಠವು ಮುಗಿದ ಮೇಲೆ ಉತ್ತರಗಳನ್ನು ಬರೆಯತೊಡಗಿದೆವು. ಮೊದಲ ನಾಲ್ಕು ದಿನ ಬರೆದುದನ್ನು ಇಂದಿಗೂ ನಾಚಿಕೆಯಿಲ್ಲದೆ ಓದಲಾರೆವು. ಮಕ್ಕಳಿಗೆ ಗಮನವಿಲ್ಲ, ಮನೆಯಲ್ಲಿ ಓದುವುದಿಲ್ಲ, ಕೆಳಗಿನ ತರಗತಿಯಲ್ಲಿ ಸರಿಯಾಗಿ ಕಲಿಸಿಲ್ಲ, ಹೊರಗೆ ಗಲಾಟೆ. ಐದನೆಯ ದಿನ ಹಿಂದಿನ ಪುಟಗಳನ್ನು ತಿರುವಿದಾಗ ಒಂದು ಸಂಗತಿಯು ಕಣ್ಣಿಗೆ ಹೊಡೆಯಿತು. ಅಲ್ಲಿ ಊರಿನವರೆಲ್ಲರ ತಪ್ಪೂ ಇತ್ತು, ನಮ್ಮದೊಂದೂ ಇರಲಿಲ್ಲ.

ಮರುದಿನ ತರಗತಿಯಲ್ಲಿ ಸೂತ್ರವನ್ನು ಬದಿಗಿಟ್ಟು, ಶೇಕಡಾ ಎಂದರೇನೆಂದು ಕೇಳಿದೆವು. ನೂರಕ್ಕೆ ಇಷ್ಟೆಂಬ ಅರ್ಥವನ್ನು ಹೇಳಿದವರು ಇಬ್ಬರೇ. ಮಿಕ್ಕವರಿಗೆ ಅದೊಂದು ಮಂತ್ರವಾಗಿತ್ತು. ಹತ್ತಕ್ಕೊಂದು ಎಂಬ ಸಂತೆಯ ಮಾತಿನಿಂದ ತೊಡಗಿ ನೂರಕ್ಕೆ ಹತ್ತು ಎಂಬಲ್ಲಿಗೆ ನಡೆಸಿಕೊಂಡು ಹೋದಾಗ, ಎಂಟು ದಿನಗಳಲ್ಲಿ ಆಗದ ಪಾಠವು ಎರಡು ದಿನಗಳಲ್ಲಿ ಮುಗಿಯಿತು. ಆ ಹುಡುಗನ ಬಳಿಯಲ್ಲಿಯೇ ಇದ್ದ ಬೀಗದಕೈಯನ್ನು ನಾವು ಕೇಳಿರಲಿಲ್ಲ. ಅವನಿಂದ ನಾವು ಕಲಿತೆವು. ನಮ್ಮಿಂದ ಅವನು ಕಲಿಯಲಿಲ್ಲ. ಮುಂದಿನ ವರ್ಷಗಳ ಮಕ್ಕಳಿಗೆ ಇದರಿಂದ ಲಾಭವಾಯಿತು ನಿಜ. ಆದರೆ ಬೆಲೆಯನ್ನು ತೆತ್ತವನು ಅವನು.

ನಾವು ಹೀಗೆ ಎಡವಿ ಕಲಿತುದನ್ನು ಬಲ್ಲವರು ಮೊದಲೇ ಬರೆದಿಟ್ಟಿದ್ದರೆಂಬುದು ಆಮೇಲೆ ತಿಳಿಯಿತು. ಅಮೆರಿಕದ ತತ್ತ್ವಜ್ಞ ಜಾನ್ ಡ್ಯೂಯಿಯವರು ನಾವು ಆಲೋಚಿಸುವ ಬಗೆಯನ್ನು ಕುರಿತು ೧೯೧೦ರಲ್ಲಿ ಒಂದು ಪುಸ್ತಕವನ್ನು ಬರೆದು, ೧೯೩೩ರಲ್ಲಿ ಅದನ್ನು ತಿದ್ದಿ ಹೊರತಂದರು. ನಿಜವಾದ ಆಲೋಚನೆಯು ಯಾವುದಾದರೊಂದು ತೊಡಕಿನಿಂದ ಹುಟ್ಟುವುದೆಂದೂ, ಥಟ್ಟನೆ ತೋಚಿದ ಉತ್ತರವನ್ನು ಹಿಡಿದುಕೊಳ್ಳದೆ ಸಂದೇಹದ ಕಷ್ಟವನ್ನು ಸ್ವಲ್ಪಕಾಲ ತಾಳಿಕೊಳ್ಳಬೇಕೆಂದೂ ಅವರ ಅಭಿಪ್ರಾಯ. ದಡ್ಡ ಹುಡುಗನೆಂಬುದು ನಮಗೆ ಥಟ್ಟನೆ ತೋಚಿದ ಉತ್ತರವಾಗಿತ್ತು. ಡೊನಾಲ್ಡ್ ಷೋನ್ ಎಂಬ ಇನ್ನೊಬ್ಬ ಅಮೆರಿಕದ ಪಂಡಿತರು ೧೯೮೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಟ್ಟಡದ ಶಿಲ್ಪಿಗಳು, ಮನೋವೈದ್ಯರು, ಇಂಜಿನಿಯರುಗಳು ಮುಂತಾದವರು ಕೆಲಸವನ್ನು ಮಾಡುವ ಬಗೆಯನ್ನು ಪರಿಶೀಲಿಸಿದರು. ಪಳಗಿದ ಕಸುಬುಗಾರನು ಕೆಲಸವು ನಡೆಯುತ್ತಿರುವಾಗಲೇ ಯೋಚಿಸಿ ಕೈಯನ್ನು ಬದಲಾಯಿಸಿಕೊಳ್ಳುತ್ತಾನೆ. ಮುಗಿದ ಮೇಲೆ ಹಿಂದಿರುಗಿ ನೋಡುವುದು ಮತ್ತೊಂದು ಬಗೆ. ಸಾರು ಕುದಿಯುತ್ತಿರುವಾಗಲೇ ರುಚಿನೋಡಿ ಹುಳಿಯನ್ನು ಸರಿಪಡಿಸುವ ಗೃಹಿಣಿಯು ಮೊದಲನೆಯದನ್ನು ಮಾಡುತ್ತಾಳೆ. ಈ ವರ್ಷದ ಉಪ್ಪಿನಕಾಯಿಗೆ ಬೂಷ್ಟು ಬಂದುದೇಕೆ, ಜಾಡಿಯು ಒದ್ದೆಯಾಗಿತ್ತೇ, ಉಪ್ಪು ಸಾಲದಾಯಿತೇ ಎಂದು ವಿಚಾರಿಸಿ ಮರುವರ್ಷಕ್ಕೆ ನೆನಪಿಟ್ಟುಕೊಳ್ಳುವವಳು ಎರಡನೆಯದನ್ನು ಮಾಡುತ್ತಾಳೆ. ಈಗ ಉಪಾಧ್ಯಾಯರ, ವೈದ್ಯರ, ದಾದಿಯರ ಶಿಕ್ಷಣದಲ್ಲಿ ಇಂತಹ ದಿನಚರಿಯನ್ನು ಬರೆಯಿಸುವ ಪದ್ಧತಿಯು ಅನೇಕ ಕಡೆಗಳಲ್ಲಿ ಬಂದಿದೆ. ಒಳ್ಳೆಯದೇ. ಆದರೆ ಮೇಲಧಿಕಾರಿಯ ಕಣ್ಣಿಗಾಗಿ ತುಂಬಿಸಿದ ದಿನಚರಿಯು ನಮ್ಮ ಮೊದಲ ನಾಲ್ಕು ದಿನಗಳ ಬರವಣಿಗೆಯಂತೆಯೇ ಆದೀತು.

ಇಲ್ಲಿ ಒಂದೆರಡು ಎಚ್ಚರಿಕೆಯ ಮಾತುಗಳು ಅವಶ್ಯ. ಚಿಂತನೆ ಬೇರೆ, ಚಿಂತೆ ಬೇರೆ. ಚಿತೆಯು ಸತ್ತವರನ್ನು ಸುಡುವುದು, ಚಿಂತೆಯು ಬದುಕಿದವರನ್ನು ಸುಡುವುದು ಎಂದು ಹಿರಿಯರು ಹೇಳುವುದುಂಟು. ಆಗಿಹೋದುದನ್ನು ನೆನೆನೆನೆದು ಹಳಿದುಕೊಳ್ಳುವವನು ತಾನು ಮನನವನ್ನು ಮಾಡುತ್ತಿರುವೆನೆಂದು ಭ್ರಮಿಸಬಾರದು. ಎರಡನ್ನೂ ಬೇರ್ಪಡಿಸುವ ಗುರುತು ಸುಲಭ: ಚಿಂತೆಯು ಸುತ್ತಿ ಸುತ್ತಿ ಹೊರಟಲ್ಲಿಗೇ ಬರುವುದು, ಮನನವು ನಾಳೆ ಮಾಡಬೇಕಾದ ಒಂದು ಕೆಲಸದಲ್ಲಿ ಮುಗಿಯುವುದು. ಎರಡನೆಯದಾಗಿ, ಮನನವು ಯಾವಾಗಲೂ ಒಂಟಿಯಾಗಿ ನಡೆಯತಕ್ಕದ್ದಲ್ಲ. ವಿದ್ಯೆಯ ಕಾಲುಭಾಗವು ಗುರುವಿನಿಂದ, ಕಾಲುಭಾಗವು ಸ್ವಂತ ಬುದ್ಧಿಯಿಂದ, ಕಾಲುಭಾಗವು ಜೊತೆಯಲ್ಲಿ ಓದುವವರಿಂದ, ಉಳಿದ ಕಾಲುಭಾಗವು ಕಾಲಕ್ರಮದಿಂದ ಬರುವುದೆಂದು ಸಂಸ್ಕೃತದ ಒಂದು ಸುಭಾಷಿತದ ಅಭಿಪ್ರಾಯ. ತನ್ನ ಬೆನ್ನು ತನಗೆ ಕಾಣದು. ನಮ್ಮ ತಪ್ಪನ್ನು ನಮಗೆ ತೋರಿಸುವ ಧೈರ್ಯವುಳ್ಳ ಒಬ್ಬ ಸ್ನೇಹಿತನು, ಅಥವಾ ಹೆಂಡತಿಯು, ಅಥವಾ ಬೆಳೆದ ಮಗನು ದೊರೆತರೆ ಅದನ್ನು ಭಾಗ್ಯವೆಂದು ತಿಳಿಯಬೇಕು. ಆ ಮಾತಿಗೆ ಮುಖವನ್ನು ಊದಿಸಿಕೊಳ್ಳಬಾರದು.

ಶಾಲೆಯ ಬಾಗಿಲು ಮುಚ್ಚಿದ್ದವರಿಗೂ ಈ ದಾರಿಯು ಮುಚ್ಚಿರಲಿಲ್ಲವೆಂಬುದಕ್ಕೆ ಪಕ್ಕದ ನಂಜನಗೂಡಿನಲ್ಲಿಯೇ ಸಾಕ್ಷಿಯುಂಟು. ೧೮೮೭ರಲ್ಲಿ ಅಲ್ಲಿ ಹುಟ್ಟಿದ ತಿರುಮಲಾಂಬಾ ಅವರು ಎಳೆಯ ವಯಸ್ಸಿನಲ್ಲಿಯೇ ವಿಧವೆಯಾದರು. ಆ ಕಾಲದಲ್ಲಿ ಅಂತಹ ಹೆಣ್ಣುಮಗಳ ಪಾಲಿಗೆ ಉಳಿಯುತ್ತಿದ್ದುದು ಮನೆಯ ಮೂಲೆ. ತಂದೆಯ ಪ್ರೋತ್ಸಾಹದಿಂದ ಅವರು ಆ ಮೂಲೆಯನ್ನೇ ಓದುವ ಕೋಣೆಯನ್ನಾಗಿ ಮಾಡಿಕೊಂಡರು. ಓದಿದುದನ್ನು ಬರವಣಿಗೆಗೆ ತಂದು, ಕಾದಂಬರಿಗಳನ್ನು ರಚಿಸಿ, ಸತೀಹಿತೈಷಿಣೀ ಗ್ರಂಥಮಾಲೆಯನ್ನು ಹೊರಡಿಸಿ, ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಕರ್ನಾಟಕ ನಂದಿನಿಯೆಂಬ ಮಾಸಪತ್ರಿಕೆಯನ್ನೂ ನಡೆಸಿದರು. ಕನ್ನಡದಲ್ಲಿ ಪತ್ರಿಕೆಯನ್ನು ನಡೆಸಿದ ಹೆಂಗಸರಲ್ಲಿ ಅವರು ಮೊದಲಿಗರ ಸಾಲಿನವರು. ಪದವಿಯಿಲ್ಲ, ತರಗತಿಯಿಲ್ಲ, ಪರೀಕ್ಷೆಯಿಲ್ಲ. ಪುಸ್ತಕವೂ ಲೇಖನಿಯೂ ನಡುವೆ ಮನಸ್ಸೂ ಇದ್ದುವು.

ಆದಕಾರಣ ನಮ್ಮ ವಾಚಕರಲ್ಲಿ ಒಂದು ಸಣ್ಣ ವಿಜ್ಞಾಪನೆ. ಸಂಜೆ ದೀಪವನ್ನು ಹಚ್ಚಿದ ಮೇಲೆ ಕಾಲು ಗಂಟೆಯ ಹೊತ್ತನ್ನು ಇದಕ್ಕಾಗಿ ಮೀಸಲಿಡಿರಿ. ಶಾಲೆಯಿಂದ ಬಂದ ಮಗುವನ್ನು ಎಷ್ಟು ಅಂಕ ಬಂದಿತೆಂದು ಕೇಳುವ ಬದಲು, ಇಂದು ಎಲ್ಲಿ ತೊಡಕಾಯಿತೆಂದು ಕೇಳಿರಿ. ಉತ್ತರವು ಬರುವ ತನಕ ಸುಮ್ಮನಿರಿ. ಅದರ ಎದುರಿನಲ್ಲಿಯೇ, ಇಂದು ನನಗೆ ಇಲ್ಲಿ ತಪ್ಪಾಯಿತು, ನಾಳೆ ಹೀಗೆ ಮಾಡಬೇಕೆಂದಿರುವೆನು ಎಂದು ನಿಮ್ಮದೊಂದನ್ನೂ ಹೇಳಿರಿ. ತಂದೆತಾಯಿಗಳೂ ತಪ್ಪುವರು, ತಿದ್ದಿಕೊಳ್ಳುವರು ಎಂದು ಕಂಡ ಮಗುವು ತಪ್ಪಿಗೆ ಅಂಜಿ ಮುಚ್ಚಿಡುವುದನ್ನು ಕಲಿಯುವುದಿಲ್ಲ. ಅಂದು ನಮ್ಮ ತರಗತಿಯಲ್ಲಿ ಒಬ್ಬರಾದರೂ ನಗದೆ ಇದ್ದು, ನಾವೊಮ್ಮೆಯಾದರೂ ಹೀಗೆ ಕೇಳಿದ್ದರೆ, ಆ ಹುಡುಗನು ಸಂತೆಗೆ ಹೋಗುವುದರ ಜೊತೆಗೆ ಶಾಲೆಗೂ ಬರುತ್ತಿದ್ದನೋ ಏನೋ.

ತಿರುಮಕೂಡಲಿನಲ್ಲಿ ನಿಂತು ನೋಡಿದರೆ ಕಾವೇರಿಯೂ ಕಪಿಲೆಯೂ ಕೂಡುವುದು ಕಣ್ಣಿಗೆ ಕಾಣುತ್ತದೆ. ಆದರೂ ಅದನ್ನು ಜನರು ತ್ರಿವೇಣಿಯೆಂದೇ ಕರೆಯುವರು. ಸ್ಫಟಿಕಸರೋವರವೆಂಬ ಮೂರನೆಯ ತೀರ್ಥವು ಗುಪ್ತವಾಗಿ ಬಂದು ಅಲ್ಲಿ ಸೇರುವುದೆಂದು ನಂಬುಗೆ. ನಮ್ಮ ಕಲಿಕೆಯೂ ಹಾಗೆಯೇ. ಕೇಳುವುದು ಕಾಣುತ್ತದೆ, ಮಾಡುವುದು ಕಾಣುತ್ತದೆ. ಮನನವು ಯಾರಿಗೂ ಕಾಣದು. ಆದರೆ ಅದು ಬಂದು ಕೂಡಿದಲ್ಲಿ ಮಾತ್ರ ಕಲಿತುದು ನಮ್ಮದಾಗುವುದು.